ಎಂಟು ಕೋಣೆಗೆ ಎಂಟು ಬಚ್ಚಲು: ಹಳೆಯ ಮನೆ ಹೋಟೆಲಾಗುವ ಬಗೆ

ಕಳೆದ ದೀಪಾವಳಿಯ ಮರುದಿನ ಮೈಸೂರಿನ ಕೃಷ್ಣರಾಜ ಮೊಹಲ್ಲಾದ ನಮ್ಮ ಸೋದರತ್ತೆಯ ಮನೆಯಲ್ಲಿ, ನಡುವಿನ ತೆರೆದ ಅಂಗಳವಾದ ತೊಟ್ಟಿಯ ಸುತ್ತ, ಮೂವರು ಪಾಲುದಾರರೂ ಅವರ ಮಕ್ಕಳೂ ಕುಳಿತಿದ್ದರು. ಮನೆಗೆ ನೂರು ವರ್ಷ ದಾಟಿದೆ. ಮಾರಿಬಿಡೋಣ ಎಂದು ಒಬ್ಬರು, ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸೋಣ ಎಂದು ಇನ್ನೊಬ್ಬರು. ಅತ್ತೆಯ ಕಿರಿಯ ಮಗ ಆಗಷ್ಟೇ ಪುದುಚೇರಿಗೆ ಹೋಗಿ ಬಂದಿದ್ದ. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಒಬ್ಬೊಬ್ಬರಿಗೇ ತೋರಿಸುತ್ತಾ, ಅಲ್ಲಿ ನಮ್ಮ ಮನೆಯಂಥವೇ ಮನೆಗಳು ಚಿಕ್ಕ ಚೊಕ್ಕ ಹೋಟೆಲುಗಳಾಗಿವೆ, ನಮ್ಮಲ್ಲೂ ಎಂಟು ಕೋಣೆಗಳಿವೆಯಲ್ಲ ಎಂದ. ಎಪ್ಪತ್ತೆಂಟು ವರ್ಷದ ಅತ್ತೆ ಎಲ್ಲ ಚಿತ್ರಗಳನ್ನೂ ನಿಧಾನವಾಗಿ ನೋಡಿದರು. ಕನ್ನಡಕ ತೆಗೆದಿಟ್ಟು ಕೇಳಿದರು: “ಎಂಟು ಕೋಣೆ ಸರಿ. ಎಂಟು ಬಚ್ಚಲು ಎಲ್ಲಿಡುತ್ತೀರಿ?”

ಅಂದು ಯಾರ ಬಳಿಯೂ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಪುದುಚೇರಿಗೆ ಹೋದೆ, ದುರಸ್ತಿಯಲ್ಲಿದ್ದ ಮನೆಗಳ ಒಳಹೊಕ್ಕು ನೋಡಿದೆ, ಗಾರೆಯವರ ಜೊತೆ ಮಾತನಾಡಿದೆ. ಮರಳಿ ಬಂದು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಸುತ್ತಿದೆ. ಹಳೆಯ ಮನೆಯೊಂದು ಹೋಟೆಲಾಗುವ ವಿಚಾರದಲ್ಲಿ ಬಣ್ಣ, ದೀಪ, ಮಂಚ, ಪರದೆ ಎಲ್ಲವೂ ಆಮೇಲಿನ ಮಾತು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದೇ ಮೊದಲ ಮಾತು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಅತ್ತೆ ಕೈ ಇಟ್ಟದ್ದು ಸರಿಯಾಗಿ ಆ ಜಾಗದ ಮೇಲೆಯೇ.

ಇಂಥ ಚಿಕ್ಕ ಹೋಟೆಲುಗಳನ್ನು ಬೂಟಿಕ್ ಹೋಟೆಲ್ ಎನ್ನುತ್ತಾರೆ. ಮೊದಲು ಆ ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬೂಟಿಕ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಅಂಗಡಿ. 1984ರಲ್ಲಿ ನ್ಯೂಯಾರ್ಕಿನಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ತೆರೆದ ಮಾರ್ಗನ್ಸ್ ಹೋಟೆಲಿನ ಸುತ್ತ ಈ ಹೆಸರು ಹೋಟೆಲುಗಳಿಗೆ ಅಂಟಿಕೊಂಡಿತು. ಅದರ ಒಳಾಂಗಣವನ್ನು ರೂಪಿಸಿದವರು ಫ್ರಾನ್ಸಿನ ವಿನ್ಯಾಸಕಿ ಆಂದ್ರೆ ಪುಟ್ಮಾನ್. ದೊಡ್ಡ ಹೋಟೆಲ್ ಸರಪಳಿಗಳು ಯಾವ ಊರಿಗೆ ಹೋದರೂ ಒಂದೇ ಕೋಣೆ, ಒಂದೇ ಹಾಸಿಗೆ, ಒಂದೇ ಬಗೆಯ ದೀಪ ಸಿಗುತ್ತದೆ ಎಂಬ ಭರವಸೆಯನ್ನು ಮಾರುತ್ತವೆ. ಬೂಟಿಕ್ ಹೋಟೆಲ್ ಇದಕ್ಕೆ ತದ್ವಿರುದ್ಧವಾದ ಭರವಸೆ ಕೊಡುತ್ತದೆ: ಈ ಕೋಣೆ ಇಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ. ಕೋಣೆಗಳು ಕಡಿಮೆ. ಒಂದೊಂದರ ಹಿಂದೆಯೂ ಯಾರೋ ಕುಳಿತು ಯೋಚಿಸಿರುತ್ತಾರೆ.

ಮೈಸೂರಿಗೆ ಹಳೆಯ ಕಟ್ಟಡದಲ್ಲಿ ಅತಿಥಿಗಳನ್ನು ಉಳಿಸಿಕೊಳ್ಳುವುದು ಹೊಸದೇನಲ್ಲ. ವೈಸ್‌ರಾಯ್ ಬಂದಾಗ ತಂಗಲೆಂದು 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಅರಮನೆಯ ಅತಿಥಿಗಳಿಗಾಗಿ 1920ರಲ್ಲಿ ಕಟ್ಟಿದ ಮೆಟ್ರೊಪೋಲ್ ಇಂದಿಗೂ ಹೋಟೆಲೇ. ಆದರೆ ಇವು ಮೊದಲಿನಿಂದಲೂ ದೊರೆಗಳು ದೊರೆಗಳಿಗಾಗಿ ಕಟ್ಟಿಸಿದ ಕಟ್ಟಡಗಳು. ಕೋಣೆಗೊಂದು ಸ್ನಾನದ ಮನೆ, ಅಗಲವಾದ ಮೆಟ್ಟಿಲು, ಗಾಡಿ ಬಂದು ನಿಲ್ಲುವ ಪೋರ್ಟಿಕೊ ಎಲ್ಲವೂ ಅವುಗಳ ಹುಟ್ಟಿನಲ್ಲೇ ಇದ್ದವು. ನಮ್ಮ ಮಾತು ವಕೀಲರು, ಮೇಷ್ಟರು, ಅರಮನೆಯ ಕಾರಕೂನರು ಬದುಕಿದ ಮನೆಗಳ ಕುರಿತದ್ದು. ಅಲ್ಲಿ ಇಪ್ಪತ್ತು ಜನಕ್ಕೂ ಹಿತ್ತಲಲ್ಲಿ ಒಂದೇ ಬಚ್ಚಲು, ಒಂದೇ ತಾಮ್ರದ ಹಂಡೆ.

ಆ ದೃಷ್ಟಿಯಿಂದ ಪುದುಚೇರಿ ನಮಗೆ ಹತ್ತಿರದ ಊರು. ಫ್ರೆಂಚರು ಅಲ್ಲಿ ನೆಲೆಯೂರಿದ್ದು 1674ರಲ್ಲಿ. ಆದರೆ ಇಂದು ಹಳದಿ ಬಣ್ಣ ಬಳಿದುಕೊಂಡು ನಿಂತಿರುವ ಫ್ರೆಂಚ್ ಮನೆಗಳಲ್ಲಿ ಆ ಕಾಲದ್ದು ಸಿಗುವುದಿಲ್ಲ. ನಮ್ಮಲ್ಲಿ ಹೈದರಾಲಿ ಅಧಿಕಾರ ಹಿಡಿದ ಅದೇ 1761ರಲ್ಲಿ ಬ್ರಿಟಿಷರು ಪುದುಚೇರಿಯನ್ನು ಗೆದ್ದು ನೆಲಸಮ ಮಾಡಿದರು. 1765ರ ನಂತರ ಅದೇ ಬೀದಿಗಳ ಗೆರೆಯ ಮೇಲೆ ಊರು ಮತ್ತೆ ಎದ್ದಿತು. ನಡುವೆ ಒಂದು ಕಾಲುವೆ. ಕಡಲ ಕಡೆಗೆ ಫ್ರೆಂಚರ ಬೀದಿಗಳು, ಒಳನಾಡಿನ ಕಡೆಗೆ ತಮಿಳರ ಬೀದಿಗಳು. ಪ್ರವಾಸಿಗಳು ಚಿತ್ರ ತೆಗೆದುಕೊಳ್ಳುವುದು ಕಡಲ ಕಡೆ. ನನಗೆ ಪಾಠ ಸಿಕ್ಕಿದ್ದು ಕಾಲುವೆಯ ಈಚೆಗೆ, ವೈಶ್ಯಾಳ್ ಬೀದಿ ಮತ್ತು ಪೆರುಮಾಳ್ ಕೋವಿಲ್ ಬೀದಿಯ ಸುತ್ತಮುತ್ತ.

ಅಲ್ಲಿನ ಮನೆಗಳ ಮುಂದೆ ತಿಣ್ಣೈ, ಅಂದರೆ ನಮ್ಮ ಜಗಲಿ. ಅದರ ಮುಂದೆ ಬೀದಿಗೇ ಚಾಚಿದ, ಕಂಬಗಳ ಮೇಲೆ ನಿಂತ ಹೆಂಚಿನ ಇಳಿಮಾಡು. ಅದನ್ನು ತಾಳ್ವಾರಂ ಎನ್ನುತ್ತಾರೆ. ದಾರಿಹೋಕರು ಮಳೆಗೆ ನಿಲ್ಲಲಿ ಎಂದು ಸ್ವಂತ ಖರ್ಚಿನಲ್ಲಿ ಹಾಕಿಸಿದ ಸೂರು ಅದು. ಒಳಗೆ ಹೋದರೆ ಮುಟ್ರಂ, ನಮ್ಮ ತೊಟ್ಟಿ. ಎಷ್ಟೋ ಮನೆಗಳಲ್ಲಿ ಕೆಳಗಿನ ಅಂತಸ್ತು ತಮಿಳರದು, ಮೇಲಿನದು ಫ್ರೆಂಚರದು: ಕೆಳಗೆ ಕೆತ್ತನೆಯ ಮರದ ಕಂಬ, ಮೇಲೆ ಕಮಾನಿನ ಕಿಟಕಿ, ಗೋಡೆಗಂಟಿದ ಗಾರೆಯ ಕಂಬ. ಇದನ್ನು ನೋಡುತ್ತಿದ್ದಂತೆ ನನಗೆ ಚಾಮರಾಜಪುರಂ, ಲಕ್ಷ್ಮೀಪುರಂಗಳ ಮನೆಗಳು ಕಣ್ಣಮುಂದೆ ಬಂದವು. 1890ರ ದಶಕದ ಕೊನೆಯಲ್ಲಿ ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದಲ್ಲಿ, ಮೈಸೂರು ಗಾಳಿ ಬೆಳಕಿನ ಬಡಾವಣೆಗಳಾಗಿ ಹರಡಿಕೊಂಡಿತು. ಆಗಿನ ಮನೆಗಳೂ ಹೀಗೆಯೇ. ಬೀದಿಗೆ ಯುರೋಪಿನ ಮುಖ, ಒಳಗೆ ತೊಟ್ಟಿ, ಹಜಾರ, ನಡುಮನೆ, ದೇವರ ಮನೆ.

ಪೆರುಮಾಳ್ ಕೋವಿಲ್ ಬೀದಿಯ ಮೇಸೊಂ ಪೆರುಮಾಳ್ ಇಂಥ ಒಂದು ಮನೆ, ಈಗ ಹೋಟೆಲು. ಕಡಲ ಕಡೆಯ ರೊಮೇನ್ ರೋಲಾ ಬೀದಿಯಲ್ಲಿ ಫ್ರೆಂಚರ ಕಾಲದ ಶಿಕ್ಷಣ ಇಲಾಖೆಯ ಕಟ್ಟಡ ಓತೆಲ್ ದ ಲೊರಿಯಾಂ ಎಂಬ ಹೆಸರಿನಲ್ಲಿ ಹೋಟೆಲಾದದ್ದು ಈ ಅಲೆಯ ಮೊದಲ ಹೆಜ್ಜೆಗಳಲ್ಲೊಂದು. ಹಳೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಪುದುಚೇರಿ ಶಾಖೆ ಮನೆಗಳ ಪಟ್ಟಿ ಮಾಡಿ, ಮಾಲೀಕರನ್ನು ಒಪ್ಪಿಸಿ, ಬೀದಿಯ ಮುಖವನ್ನೇ ಸರಿಪಡಿಸುತ್ತ ಬಂದಿತು. ವೈಶ್ಯಾಳ್ ಬೀದಿಯಲ್ಲಿ ಸಾಲು ಮನೆಗಳ ತಾಳ್ವಾರಗಳು ಒಟ್ಟಿಗೆ ದುರಸ್ತಿಯಾದವು. ಒಂಟಿ ಮನೆಯೊಂದನ್ನು ಉಳಿಸುವುದಕ್ಕಿಂತ ಬೀದಿಯೊಂದನ್ನು ಉಳಿಸುವುದು ದೊಡ್ಡ ಕೆಲಸ ಎಂದು ಆ ಬೀದಿಯಲ್ಲಿ ನಡೆದವರಿಗೆ ಗೊತ್ತಾಗುತ್ತದೆ.

ಈಗ ಬಚ್ಚಲಿನ ವಿಷಯ.

ಹಿರಿಯರು ಬಚ್ಚಲನ್ನು ಹಿತ್ತಲಿಗೆ ದೂಡಿದ್ದಕ್ಕೆ ಮಡಿ ಮೈಲಿಗೆ ಒಂದು ಕಾರಣ. ಕಟ್ಟಡದ ಆಯುಸ್ಸು ಇನ್ನೊಂದು. ಇಟ್ಟಿಗೆ, ಮಣ್ಣು, ಸುಣ್ಣ, ಮರ, ಇವು ನಾಲ್ಕೂ ಮಳೆಯನ್ನು ತಾಳಿಕೊಳ್ಳುತ್ತವೆ. ಏಕೆಂದರೆ ಮಳೆ ಬಂದು ಹೋಗುತ್ತದೆ, ಬಿಸಿಲು ಬಂದು ಒಣಗಿಸುತ್ತದೆ. ದಿನವೂ ಬೆಳಿಗ್ಗೆ ಸಂಜೆ ತಪ್ಪದೆ ಬೀಳುವ ನೀರನ್ನು ಅವು ತಾಳಿಕೊಳ್ಳಲಾರವು. ಹೋಟೆಲಿಗೆ ಬೇಕಾದದ್ದು ಸರಿಯಾಗಿ ಅದೇ: ಪ್ರತಿ ಕೋಣೆಯ ಒಳಗೆ, ಪ್ರತಿದಿನ, ನೂರಾರು ಲೀಟರ್ ನೀರು.

ಮೇಲಿನ ಅಂತಸ್ತಿನಲ್ಲಿ ಇದು ಇನ್ನೂ ಕಠಿಣ. ಪುದುಚೇರಿಯಲ್ಲೂ ಮೈಸೂರಿನಲ್ಲೂ ಹಳೆಯ ಮಹಡಿಗಳು ಹೆಚ್ಚಾಗಿ ಮದ್ರಾಸ್ ತಾರಸಿಯವು. ತೇಗದ ತೊಲೆ, ಅದರ ಮೇಲೆ ಒತ್ತೊತ್ತಾಗಿ ಜಂತೆ, ಜಂತೆಗಳ ಮೇಲೆ ತೆಳುವಾದ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ, ಸುಣ್ಣದ ಗಾರೆಯಿಂದ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರ ಹಾಕಿ, ದಿನಗಟ್ಟಲೆ ಹಲಗೆಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಕೊನೆಗೆ ಚಪ್ಪಟೆ ಬಿಲ್ಲೆ. ಇದರಲ್ಲಿ ಕಬ್ಬಿಣವಿಲ್ಲ, ಸಿಮೆಂಟಿಲ್ಲ. ಇಡೀ ಭಾರ ಬಂದು ಕೂರುವುದು ತೊಲೆಯ ಎರಡು ತುದಿಗಳ ಮೇಲೆ, ಆ ತುದಿಗಳು ಗೋಡೆಯೊಳಗೆ ಹೂತು ಕಣ್ಣಿಗೆ ಕಾಣದಂತಿರುತ್ತವೆ. ಮೇಲೆ ಬಚ್ಚಲು ಹಾಕಿ, ಎಲ್ಲೋ ಒಂದು ಟೈಲ್ಸಿನ ಸಂದಿಯಲ್ಲಿ ನೀರು ಇಳಿಯಿತೆನ್ನಿ. ಅದು ಗೋಡೆ ಹಿಡಿದು ಇಳಿದು ತೊಲೆಯ ತುದಿಯನ್ನು ಸೇರುತ್ತದೆ. ನಡುವಿನ ಮರ ಕಬ್ಬಿಣದ ಹಾಗೆ ಗಟ್ಟಿಯಾಗಿರುತ್ತದೆ, ಬೆರಳಿನಿಂದ ತಟ್ಟಿದರೆ ಠಣ್ ಎನ್ನುತ್ತದೆ. ತುದಿ ಮಾತ್ರ ಒಳಗೊಳಗೇ ಹಿಟ್ಟಾಗುತ್ತಿರುತ್ತದೆ. ಪುದುಚೇರಿಯಲ್ಲಿ ಒಬ್ಬ ಬಡಗಿ ಅಂಥ ತುದಿಯೊಂದಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ತೋರಿಸಿದರು. ಹಿಡಿಯವರೆಗೂ ಸಲೀಸಾಗಿ ಒಳಗೆ ಹೋಯಿತು. ಅದೇ ತೊಲೆಯ ನಡುಭಾಗದಲ್ಲಿ ಅದರ ಮೊನೆಯೂ ಇಳಿಯಲಿಲ್ಲ.

ಭಾರದ ಲೆಕ್ಕವೂ ಇದೆ. ಒಂದು ಲೀಟರ್ ನೀರು ಒಂದು ಕಿಲೋ. ಚಿತ್ರದಲ್ಲಿ ಚೆಂದ ಕಾಣುವ ಸ್ನಾನದ ತೊಟ್ಟಿಯಲ್ಲಿ 200 ಲೀಟರ್ ತುಂಬಿದರೆ ಒಂದೇ ಕಡೆ 200 ಕಿಲೋ, ಮನುಷ್ಯನ ತೂಕ ಬೇರೆ. ತಾರಸಿಯ ಮೇಲೆ ಇಡುವ 1,000 ಲೀಟರಿನ ಕಪ್ಪು ಟ್ಯಾಂಕ್ ಒಂದು ಟನ್. ಈ ಟ್ಯಾಂಕನ್ನು ಹಳೆಯ ತಾರಸಿಯ ನಟ್ಟನಡುವೆ ಇಟ್ಟಿರುವ ಮನೆಗಳನ್ನು ಮೈಸೂರಿನಲ್ಲಿ ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಹಳೆಯ ಕಟ್ಟಡ ಕುಸಿಯುವುದೆಂದರೆ ಏನೆಂದು ಈ ಎರಡೂ ಊರುಗಳಿಗೆ ಗೊತ್ತಿದೆ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆ ಎರಡರ ನಡುವೆ, 2014ರ ನವೆಂಬರಿನ ಮಳೆಯಲ್ಲಿ, ಪುದುಚೇರಿಯ ಕಡಲ ದಂಡೆಯ ಮೇರಿ ಕಟ್ಟಡ, ಅಂದರೆ ಹಳೆಯ ಪುರಭವನ, ಕುಸಿದುಹೋಯಿತು. ಅಲ್ಲಿ ಅದನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟಿದ್ದಾರೆ. ನಮ್ಮಲ್ಲಿ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆದಾಡಿತು.

ಮತ್ತೆ ಕೊಳವೆಗಳಿಗೆ ಬರೋಣ. ಶೌಚದ ನೀರು ಹರಿಯಲು ಇಳಿಜಾರು ಬೇಕು. ಸಾಮಾನ್ಯ ಲೆಕ್ಕ 40 ಅಡಿಗೆ ಒಂದು ಅಡಿ. ಕೋಣೆಯಿಂದ ಚರಂಡಿ 60 ಅಡಿ ದೂರವಿದ್ದರೆ ಒಂದೂವರೆ ಅಡಿ ಇಳಿಯಬೇಕು. ಅಂದರೆ ಮೂರು ಮೆಟ್ಟಿಲಿನ ಜಗಲಿಯ ಎತ್ತರವೆಲ್ಲ ಅಲ್ಲಿಗೇ ಮುಗಿಯಿತು. ಈ ಲೆಕ್ಕ ಹಾಕದೆ ಬೀದಿಯ ಕಡೆಯ ಕೋಣೆಗೆ ಬಚ್ಚಲು ಇಟ್ಟವರು ಕೊನೆಗೆ ಹಜಾರದ ಕೆಂಪು ನೆಲವನ್ನು ಉದ್ದಕ್ಕೂ ಅಗೆದು ಕೊಳವೆ ಹೂಳುತ್ತಾರೆ. ಐವತ್ತು ವರ್ಷ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒರೆಸಿ ಕನ್ನಡಿಯಾಗಿಸಿದ ಕಾವಿ ನೆಲಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದೇ ಇಲ್ಲ.

ಹಾಗಾದರೆ ಬಲ್ಲವರು ಏನು ಮಾಡುತ್ತಾರೆ? ನಾನು ನೋಡಿದ ಒಂದು ಮನೆಯಲ್ಲಿ ಎರಡು ಮಲಗುವ ಕೋಣೆಗಳ ನಡುವೆ ಇದ್ದ ಕಿರುಕೋಣೆಯನ್ನು ಎರಡಾಗಿ ಸೀಳಿ, ಆ ಕಡೆಗೊಂದು ಈ ಕಡೆಗೊಂದು ಬಚ್ಚಲು ಮಾಡಿದ್ದರು. ಒಳಗೆ ಹೋಗಲು ಒಂದು ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲೇ ಗುಟ್ಟು: ಹಳೆಯ ನೆಲವನ್ನು ಮುಟ್ಟದೆ ಅದರ ಮೇಲೆ ಹೊಸ ನೆಲ ಎಬ್ಬಿಸಿ, ಎರಡರ ನಡುವೆ ಕೊಳವೆ ಹಾಯಿಸಿದ್ದಾರೆ. ಶವರ್ ನೀರು ಬೀಳುವ ಗೋಡೆ ಹಳೆಯ ಗೋಡೆಯಲ್ಲ; ಅದರಿಂದ ಒಂದು ಗೇಣು ಬಿಟ್ಟು ಎಬ್ಬಿಸಿದ ತೆಳು ಗೋಡೆ. ಆ ಗೇಣಿನ ಸಂದಿಯಲ್ಲಿ ಗಾಳಿ ಓಡಾಡುತ್ತದೆ, ಕೊಳವೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ಮಹಡಿಯ ಬಚ್ಚಲುಗಳೆಲ್ಲ ಹಿತ್ತಲಿನ ಕಡೆ ಹೊಸದಾಗಿ ಕಟ್ಟಿದ, ತನ್ನ ಕಾಲ ಮೇಲೆ ತಾನು ನಿಂತ ಕಟ್ಟೋಣದಲ್ಲಿ. ಹಳೆಯ ತೊಲೆಗಳ ಮೇಲೆ ಒಂದು ಬಕೆಟ್ ನೀರಿನ ಭಾರವೂ ಬೀಳುವುದಿಲ್ಲ. ಈ ವ್ಯವಸ್ಥೆಗಾಗಿ ಆ ಮನೆ ಮೂರು ಕೋಣೆಗಳನ್ನು ಬಿಟ್ಟುಕೊಟ್ಟಿದೆ. ಅತಿಥಿಗೆ ಇದ್ಯಾವುದೂ ಕಾಣುವುದಿಲ್ಲ, ಕೋಣೆ ತಂಪಾಗಿದೆ ಎಂದಷ್ಟೇ ಅನ್ನಿಸುತ್ತದೆ. ವಿನ್ಯಾಸ ಎಂದು ನಾನು ಕರೆಯುವುದು ಇದನ್ನು.

ನೀರು ಮೇಲಿನಿಂದ ಮಾತ್ರ ಬರುವುದಿಲ್ಲ, ಕೆಳಗಿನಿಂದಲೂ ಏರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ ನೆಲದ ತೇವವನ್ನು ಹೀರುತ್ತದೆ, ಜೊತೆಗೆ ನೆಲದ ಉಪ್ಪನ್ನೂ. ತೇವ ಗೋಡೆಯ ಮೈಗೆ ಬಂದು ಆವಿಯಾಗುತ್ತದೆ. ಉಪ್ಪು ಆವಿಯಾಗಲಾರದು, ಅಲ್ಲೇ ಹರಳುಗಟ್ಟುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಉಪ್ಪು ತುಂಬಿಡುತ್ತಿದ್ದ ಮಣ್ಣಿನ ಮಡಕೆ ನೆನಪಿದೆಯೇ? ಕೆಲವು ವರ್ಷಗಳಲ್ಲಿ ಅದರ ಹೊರಮೈ ಬಿಳಿ ಪುಡಿ ಕಕ್ಕಿ, ಪದರು ಪದರಾಗಿ ಉದುರುತ್ತಿತ್ತು. ಹರಳು ಬೆಳೆಯುವಾಗ ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಒಳಗಿನಿಂದಲೇ ಸೀಳುತ್ತದೆ. ಗೋಡೆಗೆ ಆಗುವುದೂ ಅದೇ.

ಸುಣ್ಣದ ಗಾರೆ ಬಳಿದ ಗೋಡೆಯಲ್ಲಿ ಈ ತೇವ ಹೊರಗೆ ಹೋಗಲು ದಾರಿಯಿದೆ. ಹಾನಿಯಾದರೂ ಅದು ಗಾರೆಯ ಪದರಕ್ಕೆ ಆಗುತ್ತದೆ, ಇಟ್ಟಿಗೆ ಉಳಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಗಾರೆ ಬದಲಿಸಿದರೆ ಸಾಕು. ಇದನ್ನು ಸರಿಪಡಿಸುತ್ತೇವೆಂದು ಸಿಮೆಂಟ್ ಬಳಿದರೆ ಬಾಯಿ ಕಟ್ಟಿದಂತೆ. ತೇವ ಹೊರಬರಲು ಜಾಗ ಹುಡುಕುತ್ತಾ ಗೋಡೆಯಲ್ಲಿ ಇನ್ನಷ್ಟು ಮೇಲಕ್ಕೆ ಏರುತ್ತದೆ. ಉಪ್ಪು ಸಿಮೆಂಟಿನ ಹಿಂದೆ ಕಟ್ಟಿಕೊಂಡು, ಒಂದು ದಿನ ಗಾರೆಯ ಜೊತೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಅತ್ತೆಯ ಮನೆಯ ಹಿತ್ತಲ ಗೋಡೆಗೆ ಸುಮಾರು ಇಪ್ಪತ್ತು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರು ಸೊಂಟದೆತ್ತರಕ್ಕೆ ಸಿಮೆಂಟ್ ಬಳಿದಿದ್ದರು. ಈಗ ಕಲೆ ಭುಜದೆತ್ತರಕ್ಕೆ ಬಂದಿದೆ.

ಕಡಲ ದಂಡೆಯ ಊರಿನಲ್ಲಿ ಈ ಉಪ್ಪಿಗೆ ಇನ್ನೊಂದು ದಾರಿ ಇದೆ, ಗಾಳಿ. ಅಲ್ಲಿ ಗಾಳಿಯೇ ಉಪ್ಪನ್ನು ಹೊತ್ತು ತಂದು ಗೋಡೆಗೂ ಕಬ್ಬಿಣಕ್ಕೂ ಬಳಿಯುತ್ತದೆ. ಕಾಂಕ್ರೀಟಿನ ಒಳಗಿನ ಕಂಬಿಗೆ ಉಪ್ಪು ತಲುಪಿದರೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಡೆದು ಆ ಜಾಗ ಮಾಡಿಕೊಳ್ಳುತ್ತದೆ. ನೂರೈವತ್ತು ವರ್ಷದ ಸುಣ್ಣದ ಮನೆ ನೆಟ್ಟಗೆ ನಿಂತಿದ್ದು, ಅದರ ಪಕ್ಕಕ್ಕೆ ಮೂವತ್ತು ವರ್ಷದ ಹಿಂದೆ ಕಟ್ಟಿದ ಕಾಂಕ್ರೀಟ್ ಬಾಲ್ಕನಿಯ ಕಂಬಿ ಹೊರಬಿದ್ದಿರುವುದನ್ನು ಪುದುಚೇರಿಯ ಬೀದಿಗಳಲ್ಲಿ ಕಂಡೆ. ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿರುವ ಮೈಸೂರಿಗೆ ಕಡಲ ಗಾಳಿಯ ಕಾಟವಿಲ್ಲ. ನಮ್ಮ ಶತ್ರುಗಳು ಬೇರೆ: ಒಡೆದ ಹೆಂಚು, ಸೂರಿನಂಚಿನ ಕಸ ಕಟ್ಟಿಕೊಂಡ ನೀರುದೋಣಿ, ಗೆದ್ದಲು. ಇವಕ್ಕೆ ಮದ್ದು ಅಗ್ಗ, ಆದರೆ ಪ್ರತಿ ವರ್ಷ ಮುಂಗಾರಿಗೆ ಮೊದಲು ಒಬ್ಬರು ಸೂರು ಹತ್ತಬೇಕು. ಮಂಗಳೂರು ಹೆಂಚು ಕಂಡುಹಿಡಿದು ಕೊಟ್ಟದ್ದು ಕಡಲ ತೀರವೇ. 1865ರಲ್ಲಿ ಬಾಸೆಲ್ ಮಿಷನ್ ಅಲ್ಲಿ ಕಾರ್ಖಾನೆ ಆರಂಭಿಸಿತು. ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಿಸಬಹುದು ಎಂಬುದೇ ಅದರ ದೊಡ್ಡ ಗುಣ.

ಸುಣ್ಣ ಎಂದರೆ ಮನೆಗೆ ಬಳಿಯುವ ಬಿಳಿ ಬಣ್ಣ ಎಂದಷ್ಟೇ ಈಗಿನವರಿಗೆ ಗೊತ್ತು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕುದಿಯುತ್ತಾ ಅರಳುತ್ತದೆ. ಆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ತಿಂಗಳುಗಟ್ಟಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಡಲ ತೀರದಲ್ಲಿ ಕಲ್ಲಿನ ಬದಲು ಚಿಪ್ಪು ಸುಡುತ್ತಿದ್ದರು. ನುಣುಪಿಗೆ ಮೊಟ್ಟೆಯ ಬಿಳಿ ಸೇರಿಸುತ್ತಿದ್ದರು. ಗಾರೆಗೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಹಾಕುವುದು ಎರಡೂ ಕಡೆ ಇತ್ತು. ಅತ್ತೆಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸುಣ್ಣದಕೇರಿ ಇದೆ. ಹೆಸರು ಉಳಿದಿದೆ, ಅರಳಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಹದಗೊಳಿಸಿ ಗಾರೆ ಅರೆಯಬಲ್ಲ ಕೈಗಳು ಬೆರಳೆಣಿಕೆಗೆ ಬಂದಿವೆ. ಹಳೆಯ ಮನೆ ಹೋಟೆಲಾಗುವುದರಲ್ಲಿ ನನಗೆ ಇರುವ ದೊಡ್ಡ ಆಸೆ ಎಂದರೆ ಈ ಕೈಗಳಿಗೆ ಮತ್ತೆ ಕೆಲಸ ಸಿಗುತ್ತದೆ ಎಂಬುದು.

ಇನ್ನು ತೊಟ್ಟಿ. ಹೋಟೆಲಿನ ಯೋಚನೆ ಬಂದ ಕೂಡಲೇ ಎಲ್ಲರ ಕೈಯೂ ಮೊದಲು ಹೋಗುವುದು ಇದರ ಮೇಲೆ: ಗಾಜು ಮುಚ್ಚಿ ಊಟದ ಕೋಣೆ ಮಾಡೋಣ ಎನ್ನುತ್ತಾರೆ. ತೊಟ್ಟಿ ಮನೆಯ ಮೂಗು. ಹಗಲು ಕಾದ ಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ, ಅದರ ಜಾಗಕ್ಕೆ ಜಗಲಿಯ ಕಡೆಯಿಂದ, ಹಿತ್ತಲಿನ ಕಡೆಯಿಂದ ತಂಪು ಗಾಳಿ ಬರುತ್ತದೆ. ರಾತ್ರಿ ತಣ್ಣನೆಯ ಗಾಳಿ ಅಲ್ಲಿಗೆ ಇಳಿದು ಕೂರುತ್ತದೆ. ಗಾಜು ಮುಚ್ಚಿದರೆ ಬಿಸಿಲು ಒಳಬಂದು ಶಾಖ ಹೊರಹೋಗದೆ, ಸುತ್ತಲಿನ ಕೋಣೆಗಳಿಗೆಲ್ಲ ಏಸಿ ಬೇಕಾಗುತ್ತದೆ. ಏಸಿ ಹಾಕಿದರೆ ಕಿಟಕಿ ಮುಚ್ಚಬೇಕು, ಕಿಟಕಿ ಮುಚ್ಚಿದರೆ ಗೋಡೆ ಒಣಗುವುದಿಲ್ಲ. ಒಂದು ಗಾಜಿನಿಂದ ಇಡೀ ಮನೆಯ ಉಸಿರಾಟ ಕೆಡುತ್ತದೆ. ಮಳೆ ಬಂದಾಗ ನಾಲ್ಕೂ ಸೂರಿನಿಂದ ತೊಟ್ಟಿಗೆ ಸುರಿಯುವ ನೀರನ್ನು ಹಜಾರದಲ್ಲಿ ಕುಳಿತು ನೋಡುವ ಸುಖಕ್ಕಾಗಿಯೇ ದೂರದವರು ಬರುತ್ತಾರೆ. ಅದನ್ನು ಮುಚ್ಚಿ ಅವರಿಗೆ ತೋರಿಸುವುದೇನು?

ಅಲಂಕಾರದ ಬಗ್ಗೆ ನನ್ನ ಮಾತು ಸ್ವಲ್ಪ ಖಾರವಾದೀತು. ಹಳೆಯದು ಎಂದ ಕೂಡಲೇ ಗಾಡಿಯ ಚಕ್ರ, ಗ್ರಾಮೊಫೋನ್, ರಾಜಸ್ಥಾನದ ಜರೋಕ, ಚೆಟ್ಟಿನಾಡಿನ ಆತಂಗುಡಿ ಬಿಲ್ಲೆ ತಂದು ತುಂಬುವುದು ಈಗ ರೂಢಿಯಾಗಿದೆ. ಆತಂಗುಡಿ ಬಿಲ್ಲೆ ಪುದುಚೇರಿಯಲ್ಲಿ ಅಪ್ಪಟ ನೆಂಟ, ಚೆಟ್ಟಿನಾಡೂ ತಮಿಳರದೇ. ಮೈಸೂರಿನ ಮನೆಗೆ ಕೆಂಪು ಕಾವಿ ನೆಲ ಇದೆ, ಬೀಟೆ ಮರದ ಮೇಲೆ ಬೇರೆ ಮರಗಳ ಚೂರು ಕೂಡಿಸಿ ಚಿತ್ರ ಬಿಡಿಸುವ ಕುಸುರಿ ಇದೆ, ಗೋಡೆಗೆ ಚಿನ್ನದ ಗೆಸ್ಸೊ, ಅಂದರೆ ಉಬ್ಬು ಲೇಪದ ಕೆಲಸದ ಮೈಸೂರು ಶೈಲಿಯ ಚಿತ್ರ ಇದೆ. ಅವೂ ಅತಿಯಾಗಬಾರದು. ಒಂದು ಕೋಣೆಯಲ್ಲಿ ಒಂದು ವಸ್ತು ಸಾಕು, ಆದರೆ ಅದು ಬಳಸುವ ವಸ್ತುವಾಗಿರಬೇಕು: ಕೂರುವ ಕುರ್ಚಿ, ತೆರೆಯುವ ಬೀರು.

ದುಡ್ಡಿನ ಲೆಕ್ಕ ಸರಳ, ಆದರೆ ಸುಲಭವಲ್ಲ. ಅತ್ತೆಯ ಮನೆಯ ಎಂಟು ಕೋಣೆಗಳಲ್ಲಿ ಬಚ್ಚಲಿಗೆ, ಅಡುಗೆಗೆ, ಕೆಲಸದವರಿಗೆ ಜಾಗ ಬಿಟ್ಟರೆ ಉಳಿಯುವುದು ಐದು. ವರ್ಷಕ್ಕೆ 365 ರಾತ್ರಿ, ಐದು ಕೋಣೆಗೆ 1,825. ಅರ್ಧ ತುಂಬಿತೆಂದುಕೊಂಡರೆ ಸುಮಾರು 900 ರಾತ್ರಿಗಳ ಬಾಡಿಗೆ. ಕಾವಲುಗಾರ, ಅಡುಗೆಯವರು, ಬಟ್ಟೆ ಒಗೆಯುವುದು, ವಿದ್ಯುತ್, ವರ್ಷದ ಗಾರೆ ದುರಸ್ತಿ ಎಲ್ಲವನ್ನೂ ಈ 900 ರಾತ್ರಿಗಳೇ ಹೊರಬೇಕು. ನಲವತ್ತು ಕೋಣೆಯ ಹೋಟೆಲಿನಲ್ಲೂ ರಾತ್ರಿ ಕಾವಲಿಗೆ ಒಬ್ಬರೇ ಸಾಕು. ಅಲ್ಲಿ ಆ ಸಂಬಳ 7,300 ರಾತ್ರಿಗಳಿಗೆ ಹಂಚಿಹೋಗುತ್ತದೆ. ಬೂಟಿಕ್ ಹೋಟೆಲಿನ ಬಾಡಿಗೆ ದುಬಾರಿ ಏಕೆ ಎಂಬುದಕ್ಕೆ ಇದೇ ಉತ್ತರ. ದಸರಾ ಹತ್ತು ದಿನವನ್ನು ನಂಬಿ ಲೆಕ್ಕ ಹಾಕುವವರು ಮಿಕ್ಕ 355 ದಿನಗಳನ್ನು ಮರೆಯುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪಾರಂಪರಿಕ ಹೋಟೆಲ್ ಎಂಬ ದರ್ಜೆಗೆ ಕಟ್ಟಡ 1950ಕ್ಕಿಂತ ಹಿಂದಿನದಾಗಿರಬೇಕು, ಕನಿಷ್ಠ ಐದು ಕೋಣೆಗಳಿರಬೇಕು. ನಮ್ಮ ಐದು ಅಲ್ಲಿಗೆ ಸರಿಹೋಯಿತು. ಇದೆಲ್ಲಕ್ಕಿಂತ ಮೊದಲು ಮೂವರು ಪಾಲುದಾರರ ಸಹಿ ಒಂದೇ ಕಾಗದದ ಮೇಲೆ ಬೀಳಬೇಕು. ಮೈಸೂರಿನ ಎಷ್ಟೋ ಹಳೆಯ ಮನೆಗಳು ಗೆದ್ದಲಿಗಿಂತ ಹೆಚ್ಚಾಗಿ ಪಾಲು ವಿವಾದದಲ್ಲಿ ಸೋತಿವೆ.

ಒಂದು ನೋವನ್ನೂ ಹೇಳದೆ ಬಿಡಲಾರೆ. ಕಡಲೂರುಗಳಲ್ಲಿ ಮನೆಗಳು ಉಳಿದರೂ ಮನೆಯವರು ಉಳಿಯಲಿಲ್ಲ. ಶ್ರೀಲಂಕಾದ ಗಾಲೆ ಕೋಟೆ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಂತರ ಅಲ್ಲಿನ ಎಷ್ಟೋ ಮನೆಗಳನ್ನು ಹೊರಗಿನವರು ಕೊಂಡರು. ಕೊಚ್ಚಿ ಕೋಟೆಯ ಬೀದಿಗಳಲ್ಲೂ ನಿವಾಸಿಗಳಿಗಿಂತ ತಂಗುವವರೇ ಹೆಚ್ಚು ಕಾಣುತ್ತಾರೆ. ಪುದುಚೇರಿಯ ತಮಿಳು ಬೀದಿಯಲ್ಲಿ ಒಂದು ಸಂಜೆ ಸಾಲಾಗಿ ನಾಲ್ಕು ತಿಣ್ಣೈಗಳನ್ನು ನೋಡಿದೆ. ಮೂರರ ಮುಂದೆ ಹಗ್ಗ ಕಟ್ಟಿ ಹೂಕುಂಡ ಇಟ್ಟಿದ್ದರು. ನಾಲ್ಕನೆಯದರ ಮೇಲೆ ಇಬ್ಬರು ಮುದುಕರು ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದರು, ತರಕಾರಿ ಗಾಡಿಯವನು ತನ್ನ ತಕ್ಕಡಿಯನ್ನು ಅವರ ಪಕ್ಕದಲ್ಲೇ ಇಟ್ಟಿದ್ದ. ಹೋಟೆಲಾದ ಮನೆಯ ಜಗಲಿಯ ಮೇಲೆ ಬೀದಿಯವರು ಕೂರಬಹುದೇ ಎಂಬುದನ್ನು ನಕ್ಷೆ ಹಾಕುವಾಗಲೇ ತೀರ್ಮಾನಿಸಬೇಕು. ಆಮೇಲೆ ಗೇಟು ತಾನಾಗಿಯೇ ಬಂದು ನಿಲ್ಲುತ್ತದೆ.

ಅತ್ತೆಯ ಪ್ರಶ್ನೆಗೆ ಈಗ ಕಾಗದದ ಮೇಲೆ ಉತ್ತರವಿದೆ. ಐದು ಕೋಣೆ, ಐದು ಬಚ್ಚಲು; ಐದೂ ಹಿತ್ತಲಿನಲ್ಲಿ, ಹಳೆಯ ಬಚ್ಚಲ ಒಲೆ ಇದ್ದ ಜಾಗದಲ್ಲಿ, ಹಳೆಯ ಗೋಡೆಯಿಂದ ಒಂದು ಗೇಣು ದೂರದಲ್ಲಿ. ತೊಟ್ಟಿಗೆ ಗಾಜಿಲ್ಲ. ಜಗಲಿಗೆ ಗೇಟಿಲ್ಲ, ಅದು ಅತ್ತೆಯ ಷರತ್ತು. ಮೂರರಲ್ಲಿ ಎರಡು ಸಹಿ ಬಿದ್ದಿವೆ.

ಮೂರನೆಯ ಸಹಿಗೆ ಕಾಯುತ್ತಾ, ಹಿತ್ತಲ ಗೋಡೆಯ ಸಿಮೆಂಟನ್ನು ಕೆತ್ತಿ ತೆಗೆಸಿದ್ದೇವೆ. ಇಟ್ಟಿಗೆಗಳು ಇಪ್ಪತ್ತು ವರ್ಷದ ನಂತರ ಗಾಳಿ ಕಂಡಿವೆ. ಪ್ರತಿದಿನ ಬೆಳಿಗ್ಗೆ ಗೋಡೆಯ ಬುಡದಲ್ಲಿ ಅಕ್ಕಿಹಿಟ್ಟು ಚೆಲ್ಲಿದಂತೆ ತೆಳುವಾಗಿ ಬಿಳಿ ಪುಡಿ ಬಿದ್ದಿರುತ್ತದೆ. ಅತ್ತೆ ಅದನ್ನು ಮೊರಕ್ಕೆ ಗುಡಿಸಿ, ಗಿಡದ ಬುಡಕ್ಕೆ ಬೀಳದಂತೆ ದೂರ ಚೆಲ್ಲುತ್ತಾರೆ. ಮೊದಲ ವಾರ ಎರಡು ಹಿಡಿ ಬರುತ್ತಿತ್ತಂತೆ, ಈಗ ಅರ್ಧ ಹಿಡಿ. ಪುಡಿ ಪೂರ್ತಿ ನಿಲ್ಲುವವರೆಗೆ ಹೊಸ ಗಾರೆ ಬಳಿಯುವಂತಿಲ್ಲ.